ಗಂಡು ನಾಯಿಮರಿಗೆ ಸಂತಾನಹರಣ: ಯಾವ ವಯಸ್ಸು ಸರಿ?



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಹತ್ತಿ, ಶೇಂಗಾ, ಕುರಿ, ಎಮ್ಮೆಗಳ ವಿಷಯ ಬರೆಯುತ್ತ ಬಂದಿದ್ದೇವೆ. ಈ ಸಲ ನಾಯಿಯ ವಿಷಯ. ಕೆಲವರಿಗೆ ನಗು ಬರಬಹುದು. ಆದರೆ ಆದೋನಿ, ಆಲೂರು, ಕೋಸಿಗಿ, ಕೌತಾಳಂ ಸುತ್ತಿನ ಹಳ್ಳಿಗಳಲ್ಲಿ ಮನೆ ಕಾಯಲು, ಕಣ ಕಾಯಲು, ಕುರಿಹಟ್ಟಿ ಕಾಯಲು ನಾಯಿ ಇಟ್ಟುಕೊಳ್ಳದ ರೈತರು ವಿರಳ. ಎಮ್ಮೆಗೆ ಜ್ವರ ಬಂದರೆ ಓಡಾಡುವ ನಾವು ನಾಯಿಯ ಆರೋಗ್ಯದ ಬಗ್ಗೆ ಮಾತ್ರ ಯೋಚಿಸುವುದಿಲ್ಲ. ಆ ನಾಯಿ ನಮ್ಮ ಮಕ್ಕಳ ಜೊತೆಗೇ ಅಂಗಳದಲ್ಲಿ ಬೆಳೆಯುತ್ತದೆ ಎಂಬುದನ್ನೂ ಮರೆಯುತ್ತೇವೆ.

ಹೋದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ಹೊಳಗುಂದ ಕಡೆಯ ರೈತರೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಫಾದರ್, ನಮ್ಮ ಗಂಡುಮರಿಗೆ ಐದು ತಿಂಗಳಾತು. ಇಲ್ಲಿ ಡಾಕ್ಟರು ಆರು ತಿಂಗಳಿಗೆ ಆಪರೇಷನ್ ಮಾಡಿಸ್ರಿ ಅಂತಾರ. ಬೆಂಗಳೂರಾಗ ಇರೋ ಮಗ ಫೋನ್ ಮಾಡಿ, ಒಂದೂವರೆ ವರ್ಷ ಆಗೋತನಕ ಮುಟ್ಟಬ್ಯಾಡ್ರಿ ಅಂತಾನ. ಯಾರ ಮಾತು ಕೇಳಬೇಕು?"

ಒಳ್ಳೆಯ ಪ್ರಶ್ನೆ. ಉತ್ತರವನ್ನು ಎಲ್ಲರಿಗೂ ಹೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ: ಇಬ್ಬರ ಮಾತೂ ಸುಳ್ಳಲ್ಲ. ಡಾಕ್ಟರು ಹೇಳಿದ್ದು ಬಾಗಿಲಿಲ್ಲದ ಅಂಗಳದ ಊರನಾಯಿಗೆ ಒಪ್ಪುತ್ತದೆ. ಮಗ ಹೇಳಿದ್ದು ಕಾಂಪೌಂಡಿನೊಳಗೆ ಬೆಳೆಯುವ ದೊಡ್ಡ ಜಾತಿಯ ನಾಯಿಗೆ ಒಪ್ಪುತ್ತದೆ. ವಯಸ್ಸನ್ನು ಗೊತ್ತುಮಾಡುವಾಗ ಎರಡನ್ನು ನೋಡಬೇಕು. ಒಂದು, ಮರಿಯ ಮೈಕಟ್ಟು; ಇನ್ನೊಂದು, ನಮ್ಮ ಮನೆಯ ಅಂಗಳ.

ಎತ್ತು ಕಲಿಸಿದ ಪಾಠ

ಇದನ್ನು ತಿಳಿಯಲು ನಮ್ಮ ರೈತರಿಗೆ ದೊಡ್ಡ ಪುಸ್ತಕ ಬೇಕಾಗಿಲ್ಲ. ಹೋರಿಕರುವಿಗೆ ತೀರ ಎಳೆಯದರಲ್ಲೇ ಬೀಜ ಒಡೆಸಿದರೆ ಏನಾಗುತ್ತದೆಂದು ನಿಮ್ಮ ತಂದೆ, ಅಜ್ಜಂದಿರಿಗೆ ಗೊತ್ತಿತ್ತು. ಕಾಲು ಉದ್ದಕ್ಕೆ ಬೆಳೆಯುತ್ತವೆ, ಕೊರಳು ತುಂಬುವುದಿಲ್ಲ, ಹಿಣಿಲು ಏಳುವುದಿಲ್ಲ, ನೊಗಕ್ಕೆ ಹೆಗಲು ಸಾಲದು. ಅದಕ್ಕೇ ಅವರು ಮೈ ತುಂಬುವವರೆಗೆ ಕಾಯುತ್ತಿದ್ದರು. ಹಾಗೆಂದು ತೀರ ತಡಮಾಡುತ್ತಲೂ ಇರಲಿಲ್ಲ. ತಡವಾದರೆ ಹೋರಿ ತುಡುಗು ಬೀಳುತ್ತದೆ, ಹಗ್ಗ ಹರಿಯುತ್ತದೆ, ಆಕಳ ಹಿಂದೆ ಊರೂರು ತಿರುಗುತ್ತದೆ, ಮಕ್ಕಳನ್ನು ಹಾಯುತ್ತದೆ.

ಬೇಗ ಮಾಡಿಸಿದರೆ ಮೈಗೆ ನಷ್ಟ, ತಡ ಮಾಡಿದರೆ ನಡತೆಗೆ ನಷ್ಟ. ಗಂಡುನಾಯಿಯ ಲೆಕ್ಕವೂ ಇಷ್ಟೇ. ನಾಯಿಗೆ ನೊಗವಿಲ್ಲ ನಿಜ. ಆದರೆ ಅದಕ್ಕೂ ಮಂಡಿಯಿದೆ, ಸೊಂಟವಿದೆ.

"ಮೂಕಪ್ರಾಣಿಯ ಬೀಜ ತೆಗೆಸುವುದು ಪಾಪವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹಾಗೆ ಕೇಳಿದವರಲ್ಲಿ ಬಹುಮಂದಿ ಬೆಳಗಾದರೆ ಬೀಜ ಒಡೆದ ಎತ್ತುಗಳನ್ನೇ ಹೂಡಿ ಹೊಲಕ್ಕೆ ಹೋಗುವವರು. ಅಗತ್ಯವಿಲ್ಲದೆ ನೋವು ಕೊಡುವುದು ತಪ್ಪು. ಮತ್ತು ಬರಿಸಿ, ಬಲ್ಲವರ ಕೈಯಲ್ಲಿ, ತಕ್ಕ ಕಾರಣಕ್ಕೆ ಮಾಡಿಸುವುದು ತಪ್ಪಲ್ಲ.

ಎಲುಬಿನ ಲೆಕ್ಕ

ಮರಿಯ ಕಾಲಿನ ಉದ್ದ ಎಲುಬುಗಳ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಮರಿ ಪ್ರಾಯಕ್ಕೆ ಬಂದಾಗ ಬೀಜಗಳಿಂದ ಹೊರಡುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು "ಇನ್ನು ಸಾಕು, ಗಟ್ಟಿಯಾಗು" ಎಂದು ಆ ಪದರಕ್ಕೆ ಸೂಚನೆ ಕೊಡುವುದರಲ್ಲಿ ಪಾಲು ವಹಿಸುತ್ತದೆ. ಅದಕ್ಕೆ ಮುಂಚೆಯೇ ಬೀಜ ತೆಗೆದರೆ ಪದರ ಮುಚ್ಚುವುದು ತಡವಾಗಿ ಎಲುಬು ಸ್ವಲ್ಪ ಹೆಚ್ಚು ಉದ್ದವಾಗುತ್ತದೆ, ಕೀಲುಗಳ ಹೊಂದಿಕೆ ತಪ್ಪಬಹುದು. ಚಿಕ್ಕ ಮೈಯ ನಾಯಿಗಳಲ್ಲಿ ಈ ಬೆಳವಣಿಗೆ ವರ್ಷದೊಳಗೆ ಮುಗಿಯುತ್ತದೆ. ದೊಡ್ಡ ಜಾತಿಗಳಲ್ಲಿ ಒಂದೂವರೆ ವರ್ಷದವರೆಗೂ ನಡೆಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಕಾಲೇಜಿನವರು ತಮ್ಮ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ಇದನ್ನು ಲೆಕ್ಕ ಹಾಕಿದ್ದಾರೆ. ೨೦೧೬ರಲ್ಲಿ ಅವರು ಜರ್ಮನ್ ಶೆಫರ್ಡ್ ನಾಯಿಗಳ ಬಗ್ಗೆ ಪ್ರಕಟಿಸಿದ ವರದಿಯ ಪ್ರಕಾರ, ಬೀಜ ತೆಗೆಸದ ಗಂಡುನಾಯಿಗಳಲ್ಲಿ ನೂರಕ್ಕೆ ೭ಕ್ಕೆ ಕೀಲಿನ ರೋಗವಿದ್ದರೆ, ವರ್ಷದೊಳಗೆ ತೆಗೆಸಿದವುಗಳಲ್ಲಿ ನೂರಕ್ಕೆ ೨೧ಕ್ಕೆ ಇತ್ತು. ೨೦೨೦ರಲ್ಲಿ ಅವರೇ ೩೫ ಜಾತಿಗಳ ನಾಯಿಗಳನ್ನೂ, ಬೇರೊಂದು ವರದಿಯಲ್ಲಿ ಮಿಶ್ರತಳಿ ನಾಯಿಗಳನ್ನೂ ನೋಡಿದರು. ಬೆಳೆದಾಗ ೨೦ ಕಿಲೋಕ್ಕಿಂತ ಹೆಚ್ಚು ತೂಗುವ ಮಿಶ್ರತಳಿ ನಾಯಿಗಳಿಗೆ ವರ್ಷದೊಳಗೆ ಆಪರೇಷನ್ ಆಗಿದ್ದರೆ ಕೀಲಿನ ತೊಂದರೆ ಹೆಚ್ಚಾಗಿತ್ತು. ಅದಕ್ಕಿಂತ ಕಡಿಮೆ ತೂಕದವುಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ.

ಇವು ಅಮೆರಿಕದ ಒಂದು ಆಸ್ಪತ್ರೆಗೆ ಬಂದ ನಾಯಿಗಳ ದಾಖಲೆಗಳು, ನಮ್ಮ ಹಟ್ಟಿಯ ನಾಯಿಗಳವಲ್ಲ. ಆದರೂ ೨೦ ಕಿಲೋ ಎಂಬ ಗೆರೆ ನಮಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಊರನಾಯಿಗಳು ಸಾಮಾನ್ಯವಾಗಿ ಈ ಗೆರೆಯ ಒಳಗೇ ಇರುತ್ತವೆ. ಮುಧೋಳ ನಾಯಿ, ಲ್ಯಾಬ್ರಡಾರ್, ಶೆಫರ್ಡ್ ಮತ್ತು ಅವುಗಳ ಬೆರಕೆಗಳು ಹೆಚ್ಚಾಗಿ ಗೆರೆ ದಾಟುತ್ತವೆ. ಬೆಂಗಳೂರಿನ ಮಗ ಹೇಳಿದ ಮಾತಿನ ಮೂಲ ಇಲ್ಲಿದೆ.

ಅಂಗಳದ ಲೆಕ್ಕ

ಈಗ ಇನ್ನೊಂದು ಪಕ್ಕ. "ಕಾರ್ತೀಕ ಮಾಸದ ನಾಯಿ" ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಬೀದಿಯ ಹೆಣ್ಣುನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಬೆದೆಗೆ ಬರುತ್ತವೆ. ಆ ವಾಸನೆ ಬಹುದೂರ ಹೋಗುತ್ತದೆ. ಪ್ರಾಯಕ್ಕೆ ಬಂದ ಗಂಡುನಾಯಿ ಆಗ ಅನ್ನ ನೀರು ಬಿಟ್ಟು ಓಡುತ್ತದೆ. ಒಂದು ಹೆಣ್ಣಿನ ಹಿಂದೆ ಆರೇಳು ಗಂಡುಗಳು ಸೇರುತ್ತವೆ, ಕಚ್ಚಾಡುತ್ತವೆ. ಆಲೂರು, ಆದೋನಿ, ಎಮ್ಮಿಗನೂರುಗಳ ಮೂಲಕ ಹಾಯುವ ೧೬೭ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಹಳ್ಳಿಗಳವರಿಗೆ ಲಾರಿಗೆ ಸಿಕ್ಕು ಸತ್ತ ನಾಯಿಗಳನ್ನು ನೋಡಿ ಅಭ್ಯಾಸವಾಗಿಬಿಟ್ಟಿದೆ.

ಇದಲ್ಲದೆ ಕೂಡುವುದರಿಂದಲೇ ಹರಡುವ ಒಂದು ಗಡ್ಡೆರೋಗ ಬೀದಿನಾಯಿಗಳಲ್ಲಿದೆ. ಗಂಡಿನ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಎದ್ದು ರಕ್ತ ತೊಟ್ಟಿಕ್ಕುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳಿಗೆ ವಾಸಿಯಾಗುತ್ತದೆ. ಆದರೆ ವಾರವಾರ ನಾಯಿಯನ್ನು ಕರೆದುಕೊಂಡು ಪಟ್ಟಣಕ್ಕೆ ಬರುವ ರೈತರು ಎಷ್ಟು ಮಂದಿ?

ಎಲ್ಲಕ್ಕಿಂತ ದೊಡ್ಡ ಭಯ ಹುಚ್ಚುನಾಯಿ ರೋಗದ್ದು. ಇದನ್ನು ನಾವು ಪುಸ್ತಕ ಓದಿ ಬರೆಯುತ್ತಿಲ್ಲ. ನಮ್ಮಿಂದಲೇ ಆದ ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಕುರಿಗಾಹಿಯೊಬ್ಬರು ಗುರುಮನೆಗೆ ಒಂದು ಕರಿ ಮರಿಯನ್ನು ಕೊಟ್ಟರು. ಕೊರಳಲ್ಲಿ ಬಿಳಿ ಮಚ್ಚೆ. ಕರಿಯ ಎಂದೇ ಕರೆದೆವು. ಏಳು ತಿಂಗಳಾದಾಗ ಪಶುವೈದ್ಯರು "ಈಗಲೇ ಮಾಡಿಸಿಬಿಡಿ, ನಿಮ್ಮ ಕಾಂಪೌಂಡಿಗೆ ಗೇಟೇ ಇಲ್ಲ" ಎಂದರು. "ಇನ್ನೂ ಕೂಸು, ಬೆಳೆಯಲಿ ಬಿಡಿ" ಎಂದು ನಾವು ಮುಂದೂಡಿದೆವು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಕಾರ್ತೀಕದಲ್ಲಿ ಕರಿಯ ಮನೆ ಬಿಟ್ಟು ಹೋದ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ಬಂದಾಗ ಕಿವಿ ಹರಿದಿತ್ತು, ಕೊರಳ ಹಿಂದೆ ಹಲ್ಲಿನ ಗಾಯಗಳಿದ್ದವು. ನಾವು ನೋಡುವಷ್ಟರಲ್ಲಿ ಕಾಂಪೌಂಡಿನ ಮಕ್ಕಳು ಅವನನ್ನು ತಬ್ಬಿಕೊಂಡಿದ್ದರು. ಅಡುಗೆಯಾಕೆಯ ಕಿರಿಯ ಮಗನ ಮೊಣಕಾಲಿನಲ್ಲಿ ಅಂದೇ ಬಿದ್ದು ಆದ ತರಚುಗಾಯವಿತ್ತು. ಕರಿಯ ಅದನ್ನು ನೆಕ್ಕಿದ್ದ.

ಮರುದಿನ ಪಕ್ಕದ ಹಳ್ಳಿಯಲ್ಲಿ ಒಂದು ನಾಯಿ ಹುಚ್ಚೆದ್ದು ಸತ್ತಿತೆಂದು ಸುದ್ದಿ ಬಂತು. ಅದೇ ಕರಿಯನನ್ನು ಕಚ್ಚಿತೋ ಬೇರೆಯದೋ, ಹೇಳುವವರು ಯಾರು? ಲಸಿಕೆಯ ಚೀಟಿ ತೆಗೆದು ನೋಡಿದರೆ ಕರಿಯನ ವಾರ್ಷಿಕ ಲಸಿಕೆ ಐದು ತಿಂಗಳು ಮೀರಿ ಹೋಗಿತ್ತು. ಆ ತಪ್ಪೂ ನಮ್ಮದೇ. ಹುಡುಗನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಅಂದು, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಸಲ ಅವನ ತಾಯಿ ಕೂಲಿ ಬಿಟ್ಟು ಅವನನ್ನು ಕರೆದುಕೊಂಡು ಹೋದಳು. ಕರಿಯನಿಗೂ ವೈದ್ಯರು ಸಾಲಾಗಿ ಲಸಿಕೆ ಹಾಕಿದರು. ಆರು ತಿಂಗಳು ಅವನನ್ನು ಯಾರೂ ಮುಟ್ಟದಂತೆ ಪ್ರತ್ಯೇಕವಾಗಿ ಕಟ್ಟಿ, ದಿನವೂ ಅವನ ಕಣ್ಣು, ಜೊಲ್ಲು, ನಡಿಗೆ ನೋಡಿದೆವು. ಹುಡುಗನಿಗೆ ಏನೂ ಆಗಲಿಲ್ಲ. ಕರಿಯನೂ ಉಳಿದ. ಆದರೆ ಆ ತಾಯಿ ಒಂದು ದಿನವೂ ನಮ್ಮನ್ನು ದೂರಲಿಲ್ಲ ಎಂಬುದೇ ನಮಗೆ ಇಂದಿಗೂ ಚುಚ್ಚುತ್ತದೆ.

ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯರಿಗಾಗಲಿ ನಾಯಿಗಾಗಲಿ ಔಷಧವಿಲ್ಲ ಎಂದೇ ತಿಳಿಯಿರಿ. ನಾಯಿ ಕಚ್ಚಿದರೆ, ಅಥವಾ ಗಾಯದ ಮೇಲೆ ನೆಕ್ಕಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಖಾರದಪುಡಿ, ಸುಣ್ಣ, ಸೀಮೆಎಣ್ಣೆ ಹಚ್ಚಬಾರದು. ನಾಟಿ ಮದ್ದಿನವರ ಹತ್ತಿರ ಹೋಗಿ ಹೊತ್ತು ಕಳೆಯಬಾರದು.

ಆಪರೇಷನ್ನಿನಿಂದ ಆಗುವುದು, ಆಗದಿರುವುದು

ಬೀಜ ತೆಗೆಸಿದರೆ ಬಹುಪಾಲು ನಾಯಿಗಳಲ್ಲಿ ಅಲೆದಾಟ ತಗ್ಗುತ್ತದೆ. ಗಂಡುಗಂಡುಗಳ ಕಚ್ಚಾಟ, ಕಂಡಕಂಡಲ್ಲಿ ಕಾಲೆತ್ತುವುದು, ಏರುವುದು ಹಲವು ನಾಯಿಗಳಲ್ಲಿ ಕಡಿಮೆಯಾಗುತ್ತವೆ, ಎಲ್ಲವುಗಳಲ್ಲಿ ಅಲ್ಲ. ವರ್ಷಗಟ್ಟಲೆ ಅಲೆದು ರೂಢಿಯಾದ ನಾಯಿ ಆಪರೇಷನ್ ಆದ ಮೇಲೂ ಆ ಚಾಳಿಯನ್ನು ಅಷ್ಟು ಸುಲಭಕ್ಕೆ ಬಿಡದು. ಬೀಜದ ಗಡ್ಡೆ ಬರುವ ಪ್ರಶ್ನೆಯೇ ಇಲ್ಲ. ಮುಪ್ಪಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮಲಮೂತ್ರಕ್ಕೆ ತಿಣುಕುವ ಕಷ್ಟ ತಪ್ಪುತ್ತದೆ. ಆದರೆ ಆ ಗ್ರಂಥಿಯ ಕ್ಯಾನ್ಸರನ್ನು ಇದು ತಡೆಯುವುದಿಲ್ಲ.

"ಬೀಜ ತೆಗೆದ ನಾಯಿ ಬೊಗಳುವುದಿಲ್ಲ, ಕಾವಲು ಬಿಡುತ್ತದೆ" ಎಂಬುದು ನಮ್ಮಲ್ಲಿ ಬಲವಾದ ನಂಬಿಕೆ. ಇದು ನಿಜವಲ್ಲ. ಕಾವಲು ನಾಯಿಯ ಸ್ವಭಾವ, ಬೀಜದ ಕೆಲಸವಲ್ಲ. ಹೊರದೇಶಗಳಲ್ಲಿ ತೋಳಗಳಿಂದ ಕುರಿಮಂದೆ ಕಾಯುವ ನಾಯಿಗಳಿಗೂ ಈ ಆಪರೇಷನ್ ಮಾಡಿಸುತ್ತಾರೆ, ಬೆದೆನಾಯಿಯ ಹಿಂದೆ ಹೋಗದೆ ಮಂದೆಯ ಹತ್ತಿರವೇ ಇರಲಿ ಎಂದು. ನಮ್ಮ ಕುರಿಗಾಹಿಗಳು ಇದನ್ನು ಯೋಚಿಸಬೇಕು. ಬಲಿಷ್ಠ ನಾಯಿ ಊರಲ್ಲಿ ಅಲೆಯುತ್ತಿದ್ದರೆ ಹಟ್ಟಿ ಕಾಯುವವರು ಯಾರು?

ಒಂದು ಎಚ್ಚರಿಕೆಯ ಮಾತೂ ಇದೆ. ಹೆದರಿ ಕಚ್ಚುವ ನಾಯಿಗೆ ಇದು ಮದ್ದಲ್ಲ. ತೀರ ಅಂಜುಬುರುಕ ಮರಿಯಾದರೆ ಬೀಜ ತೆಗೆಸಿದ ಮೇಲೆ ಅಂಜಿಕೆ ಹೆಚ್ಚಲೂಬಹುದು. ಅಂಥ ಮರಿ ಚೆನ್ನಾಗಿ ಬೆಳೆದು ಧೈರ್ಯ ತಂದುಕೊಳ್ಳುವವರೆಗೆ ಕಾಯುವುದೇ ಒಳ್ಳೆಯದು.

ಇನ್ನೊಂದನ್ನೂ ಸ್ಪಷ್ಟವಾಗಿ ಹೇಳಬೇಕು. ನಮ್ಮ ಒಂದು ಗಂಡಿಗೆ ಮಾಡಿಸಿದ ಮಾತ್ರಕ್ಕೆ ಊರಿನ ನಾಯಿಗಳು ಕಡಿಮೆಯಾಗುವುದಿಲ್ಲ, ಬೆದೆಗೆ ಬಂದ ಹೆಣ್ಣಿಗೆ ಇನ್ನೊಂದು ಗಂಡು ಸಿಕ್ಕೇ ಸಿಗುತ್ತದೆ. ಸಂಖ್ಯೆ ಇಳಿಯಬೇಕಾದರೆ ಹೆಣ್ಣುನಾಯಿಗಳ ಆಪರೇಷನ್ ಮುಖ್ಯ. ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡುವ ಪದ್ಧತಿಯನ್ನು ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ ೧೯೬೪ರಲ್ಲೇ ಆರಂಭಿಸಿತು. ಕೇಂದ್ರ ಸರಕಾರ ೨೦೦೧ರಲ್ಲಿ ಇದಕ್ಕೆ ನಿಯಮಗಳನ್ನು ಮಾಡಿ, ೨೦೨೩ರಲ್ಲಿ ಹೊಸ ನಿಯಮಗಳನ್ನು ತಂದಿತು. ಬೀದಿನಾಯಿಗಳ ಹೊಣೆ ಪುರಸಭೆ, ಪಂಚಾಯಿತಿಗಳದು. ಆದರೆ ಸಾಕಿದ ನಾಯಿಯ ಲಸಿಕೆ, ಜಂತುಮದ್ದಿನ ಹೊಣೆ ಸಾಕಿದವರದೇ.

ಯಾವ ಮರಿಗೆ ಯಾವಾಗ

ಎರಡು ಲೆಕ್ಕಗಳನ್ನೂ ಕೂಡಿಸಿದರೆ ನಮಗೆ ತೋರುವುದು ಹೀಗೆ:

೧. ಊರನಾಯಿ ಮರಿ, ಬೆಳೆದರೆ ೨೦ ಕಿಲೋ ಒಳಗಿನದು, ಬಾಗಿಲಿಲ್ಲದ ಅಂಗಳ: ಆರರಿಂದ ಒಂಬತ್ತು ತಿಂಗಳು. ತಿಂಗಳ ಲೆಕ್ಕ ಗೊತ್ತಿಲ್ಲದಿದ್ದರೆ ಒಂದು ಗುರುತು ಹೇಳುತ್ತೇವೆ. ಮರಿ ಕಾಲೆತ್ತಿ ಮೂತ್ರ ಮಾಡಲು ಕಲಿತ ಹೊತ್ತು, ಮೊದಲ ರಾತ್ರಿ ಹೊರಗೆ ಕಳೆಯುವ ಮುಂಚೆ.

೨. ಮುಧೋಳ, ಲ್ಯಾಬ್ರಡಾರ್ ಮುಂತಾದ ೨೦ ಕಿಲೋ ಮೀರುವ ಜಾತಿ ಅಥವಾ ಬೆರಕೆ, ಕಟ್ಟಿಹಾಕಲು ಅಥವಾ ಕಾಂಪೌಂಡಿನಲ್ಲಿಡಲು ಅನುಕೂಲವಿದೆ: ವರ್ಷ ತುಂಬಿದ ಮೇಲೆ, ಒಂದೂವರೆ ವರ್ಷದ ಹೊತ್ತಿಗೆ. ಜರ್ಮನ್ ಶೆಫರ್ಡಿಗೆ ಎರಡು ವರ್ಷದವರೆಗೆ ಕಾಯುವುದು ಮೇಲೆಂದು ಡೇವಿಸಿನವರ ಸಲಹೆ.

೩. ದೊಡ್ಡ ಜಾತಿಯ ಮರಿ, ಆದರೆ ಹಿಡಿದಿಡಲು ಆಗುವುದೇ ಇಲ್ಲ: ಇದು ಕಷ್ಟದ ತೀರ್ಮಾನ. ಮುಂದೆಂದೋ ಬರಬಹುದಾದ ಮಂಡಿನೋವಿಗಿಂತ ಈ ಕಾರ್ತೀಕದ ಲಾರಿ ಹತ್ತಿರದ ಅಪಾಯ. ವೈದ್ಯರ ಜೊತೆ ಮಾತಾಡಿ ವರ್ಷದೊಳಗೇ ಮಾಡಿಸುವುದು ಲೇಸಾಗಬಹುದು.

೪. ಒಳ್ಳೆಯ ತಳಿಯ ಮುಧೋಳ ಗಂಡನ್ನು ತಳಿಗಾಗಿಯೇ ಇಟ್ಟುಕೊಂಡವರು: ಮಾಡಿಸಬೇಕಾಗಿಲ್ಲ. ಆದರೆ ಅದನ್ನು ಬೀದಿಗೆ ಬಿಡಬೇಡಿ. ಈ ತಳಿಯ ಬಗ್ಗೆ ಸಲಹೆ ಬೇಕಾದವರಿಗೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರವಿದೆ.

೫. ಬೆಳೆದ ನಾಯಿ: "ವಯಸ್ಸು ಮೀರಿತು" ಎಂದು ಕೈಬಿಡಬೇಡಿ. ಆರೋಗ್ಯವಾಗಿದ್ದರೆ ಯಾವಾಗಲೂ ಮಾಡಿಸಬಹುದು. ಕರಿಯನಿಗೆ ಎರಡೂವರೆ ವರ್ಷವಾದಾಗ ಮಾಡಿಸಿದೆವು.

ಬೀಜ ಇಳಿಯದ ಮರಿ

ಎರಡು ತಿಂಗಳ ಗಂಡುಮರಿಯ ಚೀಲವನ್ನು ಮೆಲ್ಲಗೆ ಮುಟ್ಟಿ ನೋಡಿದರೆ ಸಾಮಾನ್ಯವಾಗಿ ಎರಡು ಬೀಜಗಳು ಸಿಗುತ್ತವೆ. ಕೆಲವು ಮರಿಗಳಲ್ಲಿ ಒಂದೇ ಸಿಗುತ್ತದೆ, ಅಥವಾ ಎರಡೂ ಸಿಗುವುದಿಲ್ಲ. ಆರು ತಿಂಗಳಾದರೂ ಇಳಿಯದಿದ್ದರೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆ ಎಂದರ್ಥ. ಒಳಗಿನ ಬಿಸಿಯಲ್ಲಿ ಉಳಿದ ಬೀಜಕ್ಕೆ ಮುಂದೆ ಗಡ್ಡೆ ಬರುವ ಸಂಭವ ಬಹಳ ಹೆಚ್ಚು. ಇಂಥ ನಾಯಿಗೆ ಆಪರೇಷನ್ ಮಾಡಿಸಲೇಬೇಕು, ಇಳಿಯದ ಬೀಜವನ್ನು ಹುಡುಕಿ ತೆಗೆಸಬೇಕು. ಈ ದೋಷ ಮರಿಗಳಿಗೂ ಇಳಿಯುವುದರಿಂದ ಅದರಿಂದ ತಳಿ ಮಾಡಿಸಬಾರದು.

ಮಳೆ, ಬಿಸಿಲು ಮತ್ತು ಗುಳೆ

ನಮ್ಮ ಸೀಮೆಯಲ್ಲಿ ಕಾಲ ನೋಡದೆ ಯಾವ ಕೆಲಸವೂ ಕೂಡಿಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಆಪರೇಷನ್ ಬೇಡ. ಕಾರ್ತೀಕದಲ್ಲಿ ಬೆದೆ ಕಟ್ಟಿದ ಹೆಣ್ಣುನಾಯಿಗಳು ಹುಟ್ಟಿಸುವ ಮರಿಗಳು ಸುಮಾರು ಎರಡು ತಿಂಗಳಿಗೆ, ಅಂದರೆ ಡಿಸೆಂಬರ್, ಜನವರಿಯಲ್ಲಿ ಕಣ್ಣು ಬಿಡುತ್ತವೆ. ಆ ಮರಿಗಳಿಗೆ ಆರರಿಂದ ಒಂಬತ್ತು ತಿಂಗಳು ತುಂಬುವುದು ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ. ಅವುಗಳ ಮೊದಲ ಕಾರ್ತೀಕ ಇನ್ನೂ ಬಂದಿರುವುದಿಲ್ಲ. ಮಳೆ ಬಿಡುವು ಕೊಟ್ಟ ಒಂದು ವಾರ ನೋಡಿ ಆಗಲೇ ಮಾಡಿಸಿಬಿಡಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆ ಕೈಕೊಟ್ಟ ವರ್ಷ ದೀಪಾವಳಿ ದಾಟಿತೆಂದರೆ ಕೋಸಿಗಿ, ಕೌತಾಳಂ, ಆಸ್ಪರಿ ಕಡೆಯಿಂದ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರು ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮುದುಕರು ಮತ್ತು ನಾಯಿ ಊರಲ್ಲಿ ಉಳಿಯುತ್ತಾರೆ. ಆಪರೇಷನ್ ಆದ ನಾಯಿಗೆ ಎರಡು ವಾರ ಆರೈಕೆ ಬೇಕು, ಕಟ್ಟಿಹಾಕಿದ ನಾಯಿಯನ್ನು ಹಿಡಿಯುವ ಶಕ್ತಿ ಮುದುಕರಿಗೆ ಇರದು. ಮನೆಯಲ್ಲಿ ಪ್ರಾಯದವರು ಇರುವಾಗಲೇ ಈ ಕೆಲಸ ಮುಗಿಯಬೇಕು.

ಆಪರೇಷನ್ನಿಗೆ ಮುಂಚೆ

ಲಸಿಕೆ ಮೊದಲು, ಆಪರೇಷನ್ ಆಮೇಲೆ. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ತಿಂಗಳಾಗುವವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಆಮೇಲೆ ವೈದ್ಯರು ಬರೆದುಕೊಟ್ಟ ದಿನಕ್ಕೆ ಬೂಸ್ಟರ್, ಪ್ರತಿ ವರ್ಷ ತಪ್ಪದೆ ಒಂದು. ಚೀಟಿಯನ್ನು ಪಡಿತರ ಚೀಟಿಯ ಜೊತೆಯಲ್ಲೇ ಇಡಿ, ಕಳೆಯುವುದಿಲ್ಲ.

ಉಣ್ಣೆ ಹತ್ತಿದ ನಾಯಿಯನ್ನು ಹಾಗೇ ಒಯ್ಯಬೇಡಿ. ಉಣ್ಣೆಗಳಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿರುತ್ತದೆ. ಮೇಲೆ ಚೆನ್ನಾಗಿ ಕಂಡ ನಾಯಿಯೂ ಆಪರೇಷನ್ನಿನಲ್ಲಿ ರಕ್ತ ಸುರಿದು ಕಷ್ಟಕ್ಕೆ ಬೀಳಬಹುದು. ನಾಯಿ ಮಂಕಾಗಿದ್ದರೆ, ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ಹಿಂದಿನ ರಾತ್ರಿಯ ಊಟದ ನಂತರ ಬೆಳೆದ ನಾಯಿಗೆ ಏನೂ ತಿನ್ನಿಸಬಾರದು, ಹೊಟ್ಟೆ ತುಂಬಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಉಸಿರು ಕಟ್ಟಬಹುದು. ಎಳೆ ಮರಿಗೆ ಅಷ್ಟು ಹೊತ್ತು ಉಪವಾಸ ಬೇಡ. ಎಷ್ಟು ಹೊತ್ತೆಂದು ವೈದ್ಯರನ್ನೇ ಕೇಳಿ.

ಎತ್ತು, ಟಗರುಗಳಿಗೆ ಹಾಕುವ ಬರ್ಡಿಜೊ ಇಕ್ಕಳವನ್ನು ನಾಯಿಗೆ ಹಾಕಬಾರದು. ಬ್ಲೇಡಿನಿಂದ ಮನೆಯಲ್ಲೇ ಕೊಯ್ಯುವವರೂ ಇದ್ದಾರೆಂದು ಕೇಳಿದ್ದೇವೆ. ಅದು ಕ್ರೌರ್ಯ, ಕಾನೂನಿಗೂ ವಿರುದ್ಧ. ಪಶು ಆಸ್ಪತ್ರೆ ದೂರವೆನ್ನುವವರು ೧೯೬೨ ಸಂಖ್ಯೆಗೆ ಫೋನ್ ಮಾಡಿ, ಸಂಚಾರಿ ಪಶುವೈದ್ಯ ವಾಹನದವರಲ್ಲಿ ಎಲ್ಲಿ ಮಾಡಿಸಬಹುದೆಂದು ವಿಚಾರಿಸಬಹುದು.

ಆಪರೇಷನ್ ಆದ ಮೇಲೆ

ಗಂಡುನಾಯಿಯ ಆಪರೇಷನ್ ದೊಡ್ಡದಲ್ಲ, ಹೆಚ್ಚಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ಗಾಯ ಮಾಯುವುದು ನಮ್ಮ ಕೈಯಲ್ಲಿದೆ. ಹತ್ತು ಹದಿನಾಲ್ಕು ದಿನ ಕಟ್ಟಿಯೇ ಇಡಿ. ಮಣ್ಣು, ಸೆಗಣಿ ಇಲ್ಲದ ಒಣ ಜಾಗದಲ್ಲಿ ಹಳೆಯ ಚೀಲ ಹಾಸಿ ಮಲಗಿಸಿ, ದಿನವೂ ಚೀಲ ಬದಲಿಸಿ. ಸ್ನಾನ ಬೇಡ, ಕೆರೆಗೆ ಬಿಡಬೇಡಿ. ನಾಯಿ ಹೊಲಿಗೆ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಬೇಕು. ಅಂಗಡಿಯದು ಸಿಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಕಟ್ಟಿದರೂ ನಡೆಯುತ್ತದೆ.

ಗಾಯಕ್ಕೆ ಅರಿಶಿನ, ಬೂದಿ, ಎಂಜಿನ್ ಆಯಿಲ್ ಹಚ್ಚಬೇಡಿ. ವೈದ್ಯರು ಕೊಟ್ಟದ್ದಷ್ಟೇ ಸಾಕು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆ ಕೊಡಬೇಡಿ, ಅವು ನಾಯಿಗೆ ವಿಷವಾಗಬಲ್ಲವು. ಊತ ಹೆಚ್ಚಿದರೆ, ಕೆಟ್ಟ ವಾಸನೆ ಬಂದರೆ, ನೊಣ ಮುತ್ತಿ ಹುಳ ಕಂಡರೆ, ನಾಯಿ ಎರಡು ಹೊತ್ತು ಊಟ ಬಿಟ್ಟರೆ ತಡಮಾಡದೆ ತೋರಿಸಿ. ಆಪರೇಷನ್ ಆದ ಮೇಲೂ ಕೆಲವು ವಾರ ಗಂಡಿಗೆ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಒಂದು ತಿಂಗಳಾದರೂ ಬೆದೆನಾಯಿಯ ಹತ್ತಿರ ಬಿಡಬಾರದು.

ಬೀಜ ತೆಗೆದ ನಾಯಿಗೆ ಹಸಿವು ಹೆಚ್ಚು, ಖರ್ಚು ಕಡಿಮೆ. ಹ್ಞಾಂ, ನಮ್ಮಲ್ಲೂ ಅಂಥವರಿದ್ದಾರೆ ಎನ್ನಬೇಡಿ. ನಾಲ್ಕು ರೊಟ್ಟಿ ಹಾಕುವಲ್ಲಿ ಮೂರು ಹಾಕಿ. ಮೈ ಬಂದ ನಾಯಿಗೆ ಮಂಡಿನೋವು ಬೇಗ ಬರುತ್ತದೆ. ಎಲುಬಿನ ಲೆಕ್ಕ ನೋಡಿ ವಯಸ್ಸು ಆರಿಸಿದ್ದೆಲ್ಲ ಆಗ ವ್ಯರ್ಥವಾಗುತ್ತದೆ.

ಕೊನೆಯ ಮಾತು

ಮಾಡಿಸಲೇಬೇಕೇ ಎಂದು ಕೇಳಿದರೆ, ನಾಯಿಯನ್ನು ಕಾಂಪೌಂಡಿನೊಳಗೆ ಹಿಡಿದಿಡಬಲ್ಲವರಿಗೆ ಕಡ್ಡಾಯವೆಂದು ನಾವು ಹೇಳುವುದಿಲ್ಲ. ಆದರೆ ಬಾಗಿಲಿಲ್ಲದ ಅಂಗಳದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ಈ ಕಾರ್ತೀಕದಲ್ಲಿ ಈ ನಾಯಿ ಎಲ್ಲಿರುತ್ತದೆ? ಉತ್ತರ ಗೊತ್ತಿಲ್ಲವೆಂದರೆ ಮರಿಗೆ ವಯಸ್ಸಾಗಿದೆ ಎಂದೇ ತಿಳಿಯಿರಿ.

ಹೊಳಗುಂದದ ಆ ರೈತರ ಮರಿಯನ್ನು ಹೋದ ವಾರ ನಾವೇ ಹೋಗಿ ನೋಡಿ ಬಂದೆವು. ಊರನಾಯಿ, ಸಣ್ಣ ಮೈ, ಎರಡೂ ಬೀಜ ಇಳಿದಿವೆ. ಅಂಗಳಕ್ಕೆ ಬೇಲಿಯಿಲ್ಲ, ರಸ್ತೆ ಐವತ್ತು ಹೆಜ್ಜೆ ದೂರ, ಮನೆಯಲ್ಲಿ ಮೂವರು ಮೊಮ್ಮಕ್ಕಳು. ಬೆಂಗಳೂರಿನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆರು ತಿಂಗಳಿಗೇ ಮಾಡಿಸಿಬಿಡ್ರಿ ಫಾದರ್. ಹುಡುಗರು ಅದರ ಜೋಡಿನೇ ಮಲಗ್ತಾವ" ಎಂದ.

ಮುಂದಿನ ಸಂಚಿಕೆಯಲ್ಲಿ ಕುರಿಗಳ ಜಂತುಮದ್ದಿನ ಬಗ್ಗೆ ಬರೆಯುತ್ತೇವೆ. ಈ ಲೇಖನದ ಬಗ್ಗೆ ಸಂದೇಹಗಳಿದ್ದರೆ ಭಾನುವಾರ ಪೂಜೆಯ ನಂತರ ಗುರುಮನೆಗೆ ಬನ್ನಿ. ಕರಿಯ ಬಾಗಿಲಲ್ಲೇ ಮಲಗಿರುತ್ತಾನೆ. ಅವನ ಈ ವರ್ಷದ ಲಸಿಕೆ ಆಗಿದೆ.